ಸ್ಕ್ರ್ಯಾಬಲ್ ಪದಗಳಿಗೆ ಅರ್ಥವೂ ಬೇಕು

ಸ್ಕ್ರ್ಯಾಬಲ್ ಎಂದರೆ ಅಕ್ಷರದ ಟೈಲ್‌ಗಳಿಂದ ಬೋರ್ಡಿನ ಮೇಲೆ ಪದ ಕಟ್ಟಿ ಅಂಕ ಗಳಿಸುವ ಆಟ, ಇಲ್ಲಿ ಹೇಳುವುದು ಇಂಗ್ಲಿಷ್ ಪದಗಳ ಆಟದ ಬಗ್ಗೆ. ಆಡುವವರ ನಡುವೆ ಒಂದು ಸಲಹೆ ಪದೇ ಪದೇ ಕೇಳಿಬರುತ್ತದೆ: "ಅರ್ಥ ತಲೆಗೆ ಹಚ್ಚಿಕೊಳ್ಳಬೇಡಿ, ಆಟಕ್ಕೆ ಒಪ್ಪುವ ಪದಗಳ ಪಟ್ಟಿ ಬಾಯಿಪಾಠ ಮಾಡಿ." ಅದಕ್ಕೆ ಕೊಡುವ ಸಾಕ್ಷಿಯೂ ದೊಡ್ಡದೇ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ, ಪಟ್ಟಿ ಮಾತ್ರ ತಲೆಯಲ್ಲಿತ್ತು. ಆದರೆ ಅಂಥ ಜ್ಞಾಪಕಶಕ್ತಿ ಕೋಟಿಗೊಬ್ಬರಿಗೆ. ಉಳಿದವರಿಗೆ ಅರ್ಥವೇ ಗೂಟ, ಅದಕ್ಕೆ ಕಟ್ಟದ ಪದ ವಾರದೊಳಗೆ ಓಡಿಹೋಗುತ್ತದೆ.

ಅರ್ಥ ಗೊತ್ತಿದ್ದರೆ ಇನ್ನೂ ಒಂದು ಲಾಭ: ಪದದ ಕೊನೆಗೆ ಬಹುವಚನದ ‘ಎಸ್’ನಂತೆ ‘ಎಸ್’ ಹತ್ತುತ್ತದೋ ಇಲ್ಲವೋ ಎಂಬುದು ಬಹುಪಾಲು ತಾನಾಗಿ ತಿಳಿಯುತ್ತದೆ. ಇಡ್ಲಿಯನ್ನೇ ತೆಗೆದುಕೊಳ್ಳಿ. ಐ-ಡಿ-ಎಲ್ ಆದಮೇಲೆ ಕೊನೆಗೆ ‘ಐ’ ಇಟ್ಟರೂ ಪದ, ‘ವೈ’ ಇಟ್ಟರೂ ಪದ. ‘ಐ’ ಇರುವುದು ನಾವು ತಿನ್ನುವ ಇಡ್ಲಿ. ಅದು ನಾಮಪದ, ‘ಎಸ್’ ಹಚ್ಚಬಹುದು. ‘ವೈ’ ಇರುವುದು ಹೋಟೆಲ್ ಬೋರ್ಡಿನ ಇಡ್ಲಿ ಅಲ್ಲ, ‘ಐಡ್ಲಿ’. ಕೆಲಸವಿಲ್ಲದೆ, ಸುಮ್ಮನೆ ಎಂಬರ್ಥದ ಕ್ರಿಯಾವಿಶೇಷಣ. ಅದಕ್ಕೆ ‘ಎಸ್’ ಹಚ್ಚಿ ಎದುರಾಳಿ ಚಾಲೆಂಜ್ ಮಾಡಿದರೆ, ಅಂದರೆ ಅಂಥ ಪದವಿಲ್ಲ ಎಂದು ತಕರಾರು ತೆಗೆದರೆ, ಟೈಲ್‌ಗಳು ವಾಪಸ್ಸು, ಆ ಸರದಿಗೆ ಸೊನ್ನೆ.

ಮೊದಲು ಯಾವ ಪಟ್ಟಿಯಲ್ಲಿ ಆಡುತ್ತೀರಿ ಎಂದು ತೀರ್ಮಾನಿಸಿ. ಭಾರತದ ಟೂರ್ನಮೆಂಟ್‌ಗಳಲ್ಲಿ ನಡೆಯುವುದು ಕಾಲಿನ್ಸ್ ನಿಘಂಟಿನವರ ಪಟ್ಟಿ. ಅಮೆರಿಕ, ಕೆನಡಾಗಳಲ್ಲಿ ಹೆಚ್ಚಾಗಿ ಬಳಸುವ ಪಟ್ಟಿ ಬೇರೆ, ಅದರಲ್ಲಿ ಪದಗಳು ಕಡಿಮೆ. ಮೊಬೈಲಿನ ವರ್ಡ್ಸ್ ವಿತ್ ಫ್ರೆಂಡ್ಸ್‌ನದು ಇನ್ನೊಂದು. ಎರಡನ್ನು ಬೆರೆಸಿ ಕಲಿತರೆ ಬೋರ್ಡಿನ ಮುಂದೆ ಕೈ ತಡೆಯುತ್ತದೆ.

ಕಲಿಕೆ ಎರಡಕ್ಷರದಿಂದಲೇ ಶುರುವಾಗಲಿ. ಕಾಲಿನ್ಸ್‌ನ 2019ರ ಪಟ್ಟಿಯಲ್ಲಿ ಅಂಥವು 127. ಉದ್ದುದ್ದ ಪದಗಳ ಮೇಲೆ ನಮಗಿರುವ ಮೋಹ ಇವುಗಳ ಮೇಲಿಲ್ಲ, ಅಲ್ಲೇ ಆಟ ಕೈಬಿಡುವುದು. ‘ಕ್ಯೂ-ಐ’ ನೋಡಿ: ಚೀನೀಯರ ಪ್ರಾಣಶಕ್ತಿ, ಉಚ್ಚಾರ ‘ಚೀ’. ಬೋರ್ಡಿನಲ್ಲಿ ಅಕ್ಷರದ ಅಂಕ ಮೂರುಪಟ್ಟಾಗುವ ಮನೆಗಳಿವೆ, ಅಂಥ ಒಂದರ ಬಲಕ್ಕೆ ಬೋರ್ಡಿನಲ್ಲಿ ಈಗಾಗಲೇ ಒಂದು ‘ಐ’ ಇದೆ ಎಂದುಕೊಳ್ಳಿ. ಆ ಮನೆಯಲ್ಲಿ ‘ಕ್ಯೂ’ ಇಟ್ಟು ಕೆಳಗೆ ಇನ್ನೊಂದು ‘ಐ’ ಇಡಿ. ಅಡ್ಡಕ್ಕೂ ಚೀ, ಉದ್ದಕ್ಕೂ ಚೀ. ‘ಕ್ಯೂ’ವಿನ 10 ಮೂರುಪಟ್ಟಾಗಿ 30, ‘ಐ’ಗೆ 1, ಹೀಗೆ ಒಂದೊಂದಕ್ಕೆ 31, ಒಟ್ಟು 62 ಅಂಕ, ಕೈಯಿಂದ ಹೋದದ್ದು ಎರಡೇ ಟೈಲ್. ‘ಝಡ್-ಎ’ ಪಿಜ್ಜಾದ ಮೊಟಕು ರೂಪ. ‘ಎ-ಎ’ ಹವಾಯಿಯ ಒರಟು ಲಾವಾ ಕಲ್ಲು. ‘ಎ-ಐ’ ಎಂದರೆ ಇಲ್ಲಿ ಕೃತಕ ಬುದ್ಧಿಮತ್ತೆ ಅಲ್ಲ, ಸಂಕ್ಷೇಪಾಕ್ಷರಗಳಿಗೆ ಈ ಆಟದಲ್ಲಿ ಜಾಗವಿಲ್ಲ. ಅದು ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಮೂರು ಉಗುರಿನ ಸ್ಲಾತ್. ಪ್ರಾಣಿಯ ಹೆಸರು, ಆದ್ದರಿಂದ ‘ಎಸ್’ ಧಾರಾಳವಾಗಿ ಹತ್ತುತ್ತದೆ.

‘ಕ್ಯೂ’ ಬಂದೊಡನೆ ‘ಯು’ಗಾಗಿ ಕಾದು ಕೂರುವುದು ಅತಿ ದುಬಾರಿ ತಪ್ಪು. ‘ಯು’ ಇರುವುದೇ ನಾಲ್ಕು. ಆಟ ಮುಗಿದಾಗ ‘ಕ್ಯೂ’ ಕೈಯಲ್ಲೇ ಉಳಿದರೆ ನಿಮ್ಮಿಂದ 10 ಕಳೆದು, ಮುಗಿಸಿದ ಎದುರಾಳಿಗೆ 10 ಕೂಡುತ್ತಾರೆ, ಅಂತರ 20. ಇಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ‘ಯು’ ಇಲ್ಲದ ಪದಗಳಲ್ಲಿ ಬಹಳಷ್ಟು ಅರಬ್ಬಿ ಮೂಲದವು, ಉರ್ದುವಿನ ಮೂಲಕ ನಮ್ಮ ಕಿವಿಗೆ ಬಿದ್ದೇ ಇವೆ: ಫಕೀರ್, ನಿಕಾಬ್, ತಲಾಕ್, ಕವ್ವಾಲಿ. ನಾವು ‘ಕೆ’ ಎಂದುಕೊಳ್ಳುವ ಕಡೆ ‘ಕ್ಯೂ’ ಇಟ್ಟು ನೋಡುವ ಅಭ್ಯಾಸ ಮಾಡಿಕೊಂಡರೆ ಸಾಕು. ಕನಾತ್, ಅಂದರೆ ಕ್ಯೂ-ಎ-ಎನ್-ಎ-ಟಿ, ಇರಾನಿನ ನೆಲದಡಿಯ ನೀರಿನ ಸುರಂಗ. ಅಂಥದೇ ಸುರಂಗವಾದ ಬೀದರಿನ ನೌಬಾದ್ ಕರೇಜ್ ಗೊತ್ತಿದ್ದವರು ಈ ಪದವನ್ನು ಮರೆಯಲಾರರು. ಆದರೆ ಕತಾರ್, ಇರಾಕ್ ನಡೆಯವು, ಅವು ದೇಶಗಳ ಹೆಸರು.

ನಮ್ಮ ನೆಲದ ಪದಗಳೂ ಪಟ್ಟಿಯಲ್ಲಿ ಕಡಿಮೆಯೇನಿಲ್ಲ. ರಾಗಿ ಇದೆ, ವೀಣೆ ಇದೆ, ಲಕ್ಷ ಕೊನೆಗೆ ‘ಕೆ-ಎಚ್’ ಹೊತ್ತು ‘ಲಾಖ್’ ಆಗಿದೆ. ‘ಅರೀಕ’ ಎಂದರೆ ಅಡಕೆ. ಮಲಯಾಳದ ‘ಅಡಯ್ಕ’ ಪೋರ್ಚುಗೀಸರ ಬಾಯಿಗೆ ಬಿದ್ದು ಹಾಗಾಯಿತು. ಐದರಲ್ಲಿ ಮೂರು ಸ್ವರ, ಕೈತುಂಬ ಸ್ವರಗಳು ಬಂದಾಗ ಇಳಿಸಲು ಒಳ್ಳೆಯದು.

ಸ್ವರವೇ ಬರದಿದ್ದರೆ ವೇಲ್ಸ್ ಭಾಷೆ ಕೈಹಿಡಿಯುತ್ತದೆ, ಅಲ್ಲಿ ‘ಡಬ್ಲ್ಯೂ’ ಸ್ವರವೂ ಆಗುತ್ತದೆ. ಸಿ-ಡಬ್ಲ್ಯೂ-ಎಂ, ಉಚ್ಚಾರ ‘ಕೂಮ್’: ಹಿಮನದಿ ಕೊರೆದ ಬೋಗುಣಿಯಂಥ ಕಣಿವೆ, 10 ಅಂಕ. ಸಿ-ಆರ್-ಡಬ್ಲ್ಯೂ-ಟಿ-ಎಚ್, ‘ಕ್ರೂತ್’: ಕಮಾನಿನಿಂದ ನುಡಿಸುವ ಹಳೆಯ ತಂತಿವಾದ್ಯ, 13 ಅಂಕ. ಎರಡಕ್ಕೂ ‘ಎಸ್’ ಹತ್ತುತ್ತದೆ.

ಕಲಿಯುವ ವಿಧಾನದಲ್ಲೇ ಹೆಚ್ಚಿನವರು ಎಡವುವುದು. ಪದವನ್ನು ಇದ್ದಂತೆ ಓದಿ ಉರು ಹೊಡೆಯುತ್ತಾರೆ, ಆದರೆ ಕೈಗೆ ಬರುವ ಅಕ್ಷರಗಳು ಚೆಲ್ಲಾಪಿಲ್ಲಿ. ಅದಕ್ಕೇ ಚೀಟಿಯ ಮುಂದೆ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಬರೆಯಿರಿ. ಕನಾತ್‌ಗೆ ಎ, ಎ, ಎನ್, ಕ್ಯೂ, ಟಿ. ಹಿಂದೆ ಪದ, ಒಂದು ಸಾಲಿನ ಅರ್ಥ, ‘ಎಸ್’ ಹತ್ತುತ್ತದೆಯೇ, ಪದದ ಮೊದಲಿಗೆ ಯಾವ ಅಕ್ಷರ ಸೇರುತ್ತದೆ ಎಂಬುದು. ದಿನಕ್ಕೆ ಹತ್ತು ಚೀಟಿ ಸಾಕು. ಮರುದಿನ, ಮೂರನೆಯ ದಿನ, ಏಳನೆಯ ದಿನ ತಿರುವಿ ಹಾಕಿ. ತಪ್ಪಿದ್ದು ಮತ್ತೆ ಮೊದಲ ದಿನದ ಕಟ್ಟಿಗೆ ಹೋಗಲಿ. ಧೋತಿಯ ನಾಲ್ಕೈದು ಕಾಗುಣಿತಗಳಂಥವನ್ನು ಒಂದೇ ದಿನ ಕಲಿಯಬೇಡಿ, ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಆಡಲೇಬೇಕೆಂದೂ ಇಲ್ಲ. ಗೊರಕೆಯ ಸದ್ದಿಗೆ ಮೂರು ‘ಝಡ್’ಗಳ ಪದವೊಂದಿದೆ. ಆದರೆ 100 ಟೈಲ್‌ಗಳಲ್ಲಿ ‘ಝಡ್’ ಒಂದೇ. ಉಳಿದೆರಡಕ್ಕೆ ಆಟದ ಎರಡೂ ಬ್ಲ್ಯಾಂಕ್‌ಗಳನ್ನು, ಅಂದರೆ ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಟೈಲ್‌ಗಳನ್ನು, ಸುರಿಯಬೇಕು, ಅವುಗಳ ಬೆಲೆ ಸೊನ್ನೆ. ಸಾದಾ ಮನೆಗಳಲ್ಲಿ ಸಿಗುವುದು ಬರೀ 10 ಅಂಕ. ಅದೇ ಬ್ಲ್ಯಾಂಕ್‌ಗಳನ್ನು ಕಾದಿರಿಸಿ ಏಳೂ ಟೈಲ್ ಒಟ್ಟಿಗೆ ಇಳಿಸಿದರೆ ಪದದ ಅಂಕದ ಮೇಲೆ 50 ಬೋನಸ್.