ಪ್ಯೊಂಗ್‌ಯಾಂಗ್ ಸಂಗೀತ ಕಚೇರಿ: ಯುದ್ಧ ನಿಂತದ್ದು ನಿಜವೇ?

ಶಿರಸಿಯ ನಮ್ಮ ಅಡಿಕೆ ಧಾರಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾಶಿ ಅಡಿಕೆಯ ದರದ ಕೆಳಗೆ ಒಂದು ಸಂದೇಶ ಬಂದಿದೆ: ಅಮೆರಿಕದ ವಾದ್ಯವೃಂದ ಉತ್ತರ ಕೊರಿಯಾದಲ್ಲಿ ನುಡಿಸಿದ ರಾತ್ರಿಯೇ ಎರಡೂ ದೇಶಗಳ ಯುದ್ಧ ಮುಗಿಯಿತಂತೆ, ಅಣುಬಾಂಬಿನ ಕೆಲಸವೂ ನಿಂತಿತಂತೆ.

ಕಚೇರಿ ನಡೆದದ್ದು ನಿಜ. 2008ರ ಫೆಬ್ರವರಿ 26ರಂದು ಲೊರಿನ್ ಮಾಜೆಲ್ ನೇತೃತ್ವದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್‌ಯಾಂಗ್‌ನಲ್ಲಿ ನುಡಿಸಿತು. ವೇದಿಕೆಯ ಮೇಲೆ ಎರಡೂ ದೇಶಗಳ ಧ್ವಜಗಳಿದ್ದವು, ಎರಡೂ ರಾಷ್ಟ್ರಗೀತೆಗಳು ಮೊಳಗಿದವು. ಕೊನೆಗೆ ನುಡಿಸಿದ್ದು ‘ಅರಿರಾಂಗ್’. ಉತ್ತರ, ದಕ್ಷಿಣ ಎನ್ನದೆ ಕೊರಿಯನ್ನರೆಲ್ಲ ತಮ್ಮದೆನ್ನುವ ಜನಪದ ಗೀತೆ ಅದು. ಸಭಿಕರು ಎದ್ದುನಿಂತು ಬಹುಹೊತ್ತು ಚಪ್ಪಾಳೆ ತಟ್ಟಿದರು. ಹೊರಡುತ್ತಿದ್ದ ವಾದಕರತ್ತ ಕೈಬೀಸಿದರು. ಮರುದಿನ ಎರಡೂ ಕಡೆಯ ಕಲಾವಿದರು ಜೊತೆಗೆ ಕುಳಿತು ಜರ್ಮನ್ ಸಂಗೀತ ರಚನೆಕಾರ ಮೆಂಡೆಲ್ಸನ್ನನ ಕೃತಿಯೊಂದನ್ನು ನುಡಿಸಿದರು. ನನ್ನ ಮಟ್ಟಿಗೆ ದೊಡ್ಡ ಸುದ್ದಿ ಇದೇ. ಮಾತು ಬಾರದವರ ನಡುವೆಯೂ ತಾಳ ಕೂಡುತ್ತದೆಂಬುದು ಯಕ್ಷಗಾನದ ಚಂಡೆ, ಮದ್ದಳೆ ಕೇಳಿ ಬೆಳೆದ ನಮಗೆ ಹೊಸದೇನಲ್ಲ.

ಆದರೆ ಕೊರಿಯಾದ ಕದನ ನಿಂತದ್ದು 1953ರ ಜುಲೈ 27ರ ಕದನವಿರಾಮದಿಂದ, ಅಂದರೆ ಈ ಕಚೇರಿಗೆ 54 ವರ್ಷ ಮೊದಲೇ. ಶಾಂತಿ ಒಪ್ಪಂದಕ್ಕೆ ಇಂದಿಗೂ ಸಹಿ ಬಿದ್ದಿಲ್ಲ. ಅಣುಬಾಂಬಿನ ಮಾತಂತೂ ಪೂರ್ತಿ ಸುಳ್ಳು: 2009ರ ಮೇ ತಿಂಗಳಲ್ಲಿ ಉತ್ತರ ಕೊರಿಯಾ ತನ್ನ ಎರಡನೆಯ ಪರೀಕ್ಷೆ ನಡೆಸಿತು.

ಗುಂಪಿನಲ್ಲಿ ಇಷ್ಟನ್ನು ಬರೆದೆ. ಒಬ್ಬರು ‘ಅರಿರಾಂಗ್’ ಧ್ವನಿಮುದ್ರಿಕೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ.