ಬೆಳ್ಳಿಚುಕ್ಕಿ ಯಾರದು?

ಈಸ್ಟರ್ ಹತ್ತಿರವಾದಾಗ ಒಂದು ವಿಡಿಯೊ ತುಣುಕು ಅವರಿವರಿಂದ ದಾಟಿಕೊಂಡು ನನ್ನ ಫೋನಿಗೂ ಬಂದು ಸೇರುತ್ತದೆ. ಈಸ್ಟರ್ ಜಾಗರಣೆಯ ಲ್ಯಾಟಿನ್ ಗೀತೆಯ ನಡುವೆ ‘ಲೂಸಿಫರ್’ ಎಂಬ ಪದ ಅದರಲ್ಲಿ ಕೇಳಿಸುತ್ತದೆ. ಚರ್ಚು ಗುಟ್ಟಾಗಿ ಸೈತಾನನನ್ನು ಆರಾಧಿಸುತ್ತಿದೆ ಎಂಬ ಒಕ್ಕಣೆ ಜೊತೆಗಿರುತ್ತದೆ. ಇದು ಸುಳ್ಳು ಎಂದಷ್ಟೇ ಹೇಳಿ ಸುಮ್ಮನಿರಲು ನನಗೆ ಮನಸ್ಸಾಗುವುದಿಲ್ಲ. ಆ ಪದವನ್ನು ಬಿಡಿಸಿ ನೋಡದೆ ಭಯಪಡುವವರು ಬಹಳ ಸುಂದರವಾದ ಸಂಗತಿಯೊಂದನ್ನು ಕಳೆದುಕೊಳ್ಳುತ್ತಿದ್ದಾರೆ.

ಲೂಸಿಫರ್ ಎಂದರೆ ಬೆಳಕನ್ನು ತರುವವನು, ಅಂದರೆ ಬೆಳ್ಳಿಚುಕ್ಕಿ, ಶುಕ್ರಗ್ರಹ. ಬೈಬಲ್ಲಿನ ಯೆಶಾಯನ ಗ್ರಂಥದ 14ನೆಯ ಅಧ್ಯಾಯವು ಬಾಬೆಲಿನ ರಾಜನನ್ನು ಹೊಳೆಯುವವನೇ, ಉದಯದ ಮಗನೇ ಎಂದು ಕರೆದು, ಅವನು ಆಕಾಶದಿಂದ ಬಿದ್ದುದನ್ನು ಹಾಡುತ್ತದೆ. ಬೈಬಲನ್ನು ಲ್ಯಾಟಿನ್ನಿಗೆ ತಂದ ಪ್ರಾಚೀನ ವಿದ್ವಾಂಸ ಜೆರೋಮನ ಅನುವಾದದಲ್ಲಿ ಅಲ್ಲಿನ ಹೀಬ್ರೂ ಪದ ‘ಲೂಸಿಫರ್’ ಆಯಿತು. ರಾಜನ ಪತನದಲ್ಲಿ ದೇವದೂತನ ಪತನವನ್ನು ಕಂಡ ವ್ಯಾಖ್ಯಾನಕಾರರಿಂದಾಗಿ ಅದು ಸೈತಾನನ ಹೆಸರಾಗಿ ನಿಂತಿತು. ಆದರೆ ಅದೇ ಲ್ಯಾಟಿನ್ ಬೈಬಲ್, ಪೇತ್ರನ ಎರಡನೆಯ ಪತ್ರದಲ್ಲಿ, ಭಕ್ತರ ಹೃದಯದಲ್ಲಿ ಮೂಡಬೇಕಾದ ಚುಕ್ಕಿಗೂ ಇದೇ ಪದವನ್ನು ಬಳಸುತ್ತದೆ. ಬೈಬಲ್ಲಿನ ಕೊನೆಯ ಗ್ರಂಥವಾದ ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ ಯೇಸು ತಾನೇ ಮುಂಜಾನೆಯ ನಕ್ಷತ್ರವೆನ್ನುತ್ತಾನೆ. 4ನೆಯ ಶತಮಾನದಲ್ಲಿ ಸಾರ್ಡಿನಿಯ ದ್ವೀಪದ ಕಲ್ಯಾರಿಯಲ್ಲಿ ಲೂಸಿಫರ್ ಎಂಬ ಹೆಸರಿನ ಬಿಷಪ್ಪರೇ ಇದ್ದರು.

ಒಂದೇ ಚುಕ್ಕಿ ಕ್ರಿಸ್ತನಿಗೂ ಅವನ ವೈರಿಗೂ ಹೇಗೆ ಸಲ್ಲುತ್ತದೆ ಎಂಬುದಕ್ಕೆ ಉತ್ತರ ಆಕಾಶದಲ್ಲೇ ಇದೆ ಎಂಬುದು ನನ್ನ ನಂಬಿಕೆ. ಕತ್ತಲು ಇನ್ನೂ ಹರಿಯದ ಹೊತ್ತಿನಲ್ಲಿ ಶುಕ್ರ ಮೂಡಣದಲ್ಲಿ ಏರಿ, ಉಳಿದ ಚುಕ್ಕಿಗಳನ್ನೆಲ್ಲ ಮಂಕಾಗಿಸಿ ಹೊಳೆಯುತ್ತದೆ. ಬೆಳಗು ಬಂದೇ ಬರುತ್ತದೆಂಬ ಭರವಸೆ ಅದು. ಆದರೆ ಸೂರ್ಯನೇ ಬಂದಾಗ ಅದು ಬೆಳಕಿನಲ್ಲಿ ಕರಗಿಹೋಗುತ್ತದೆ. ಮೊದಲರ್ಧವನ್ನು ನೋಡಿದವನಿಗೆ ಅದು ಉದಯದ ದೂತ, ಎರಡನೆಯದನ್ನು ನೋಡಿದವನಿಗೆ ಸಿಂಹಾಸನಕ್ಕೆ ಆಸೆಪಟ್ಟು ಬಿದ್ದವನು.

ಗೂಢಪಂಥಗಳು ಇದೇ ಬೆಳಕನ್ನು ಬೇರೆ ದಿಕ್ಕಿಗೆ ತಿರುಗಿಸಿದವು. ಥಿಯೊಸಾಫಿ ಎಂಬ ಗೂಢಜ್ಞಾನದ ಚಳವಳಿಯ ಸ್ಥಾಪಕರಲ್ಲಿ ಒಬ್ಬಳಾದ ಬ್ಲಾವಟ್‌ಸ್ಕಿ 1887ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಪತ್ರಿಕೆಯ ಹೆಸರೇ ‘ಲೂಸಿಫರ್’; ಆಕೆಯ ಮನಸ್ಸಿನಲ್ಲಿದ್ದುದು ಜ್ಞಾನದ ಬೆಳಕನ್ನು ತರುವವನು. ಶುಕ್ರನ ಜೊತೆ ತಳುಕು ಹಾಕಲಾಗುವ ಐದು ಮೂಲೆಯ ನಕ್ಷತ್ರವನ್ನು ಮಧ್ಯಯುಗದ ಕ್ರೈಸ್ತರು ಯೇಸುವಿನ ಐದು ಗಾಯಗಳ ಗುರುತಾಗಿ ಕಂಡಿದ್ದರು. ಅದು ತಲೆಕೆಳಗಾಗಿ ಒಂದೇ ಮೊನೆ ಕೆಳಗಾದರೆ ಕೇಡು ಎಂಬ ಓದನ್ನು ಗಟ್ಟಿಗೊಳಿಸಿದವನು 19ನೆಯ ಶತಮಾನದ ಫ್ರೆಂಚ್ ಗೂಢವಾದಿ ಎಲಿಫಾಸ್ ಲೆವಿ. ಶುಕ್ರವು ಸುಮಾರು 8 ವರ್ಷಗಳಲ್ಲಿ 5 ಬಾರಿ ಭೂಮಿ ಮತ್ತು ಸೂರ್ಯರ ನಡುವೆ ಹಾದುಹೋಗುವ ಸ್ಥಾನಗಳನ್ನು ಗೆರೆಯೆಳೆದು ಸೇರಿಸಿದರೆ ಇದೇ ಆಕಾರ ಬರುತ್ತದೆ. ಲೆಕ್ಕ ನಿಜ, ಬೆರಗು ಹುಟ್ಟಿಸುವಂಥದ್ದೂ ಹೌದು. ಆದರೆ ಅಷ್ಟರಿಂದಲೇ ಆ ನಕ್ಷತ್ರವನ್ನು ಕೆತ್ತಿದವರೆಲ್ಲ ಶುಕ್ರನ ಗುಪ್ತ ಉಪಾಸಕರು ಎಂದು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ.

ಇನ್ನು ವಿಡಿಯೊದಲ್ಲಿ ಕೇಳಿಸುವ ಆ ಈಸ್ಟರ್ ಗೀತೆ. ದೀಪಗಳನ್ನೆಲ್ಲ ಆರಿಸಿದ ಚರ್ಚಿನೊಳಗೆ ಒಂದೇ ಒಂದು ದೊಡ್ಡ ಮೇಣದಬತ್ತಿ ಮೊದಲು ಬರುತ್ತದೆ. ಅದರಿಂದ ಜನರ ಕೈಯ ಸಣ್ಣ ಬತ್ತಿಗಳು ಹೊತ್ತಿಕೊಂಡ ಮೇಲೆ ಹಾಡು ಶುರುವಾಗುತ್ತದೆ. ಈ ಜ್ವಾಲೆ ಇರುಳಿಡೀ ಉರಿದು, ಬೆಳ್ಳಿ, ಅಂದರೆ ಲ್ಯಾಟಿನ್ನಿನ ‘ಲೂಸಿಫರ್’, ಮೂಡಿದಾಗಲೂ ಆರದೆ ಇರಲಿ ಎಂದು ಅದು ಬೇಡಿಕೊಳ್ಳುತ್ತದೆ. ಮರುಸಾಲಿನಲ್ಲಿ ಹಾಡುವವನು ‘ಇನ್‌ಕ್ವಾಮ್’, ಅಂದರೆ ‘ಹೇಳುತ್ತೇನೆ’, ಎಂದು ಒತ್ತಿ, ಅದು ಯಾವ ಚುಕ್ಕಿ ಎಂಬುದನ್ನೂ ತಿಳಿಸುತ್ತಾನೆ: ಮುಳುಗುವುದನ್ನೇ ಅರಿಯದ ಚುಕ್ಕಿ, ಪಾತಾಳದಿಂದ ಮರಳಿ ಬಂದ ಕ್ರಿಸ್ತ.