ಆಟೀನ್ ಆರು ಬಂದೇ ಬರುತ್ತೆ

ವರಪೂಜೆ ಮುಗಿದು ಊಟದ ಎಲೆ ಎತ್ತಿದ ಮೇಲೆ ಛತ್ರದಲ್ಲಿ ಇನ್ನೊಂದು ಬಗೆಯ ಎಲೆ ಬೀಳತೊಡಗುತ್ತದೆ. ಜಮಖಾನದ ಮೇಲೆ ನಾಲ್ಕು ಜನ, ನಡುವೆ ಎರಡು ಕಟ್ಟು ಇಸ್ಪೀಟು, ಬೆನ್ನ ಹಿಂದೆ ಸಲಹೆ ಕೊಡಲು ಆರು ಜನ. ಹದಿಮೂರೆಲೆ ರಮ್ಮಿ: ಒಂದೇ ಜಾತಿಯ ಸಾಲೆಲೆಗಳನ್ನೋ (ಸೀಕ್ವೆನ್ಸ್), ಬೇರೆ ಬೇರೆ ಜಾತಿಯ ಒಂದೇ ಬೆಲೆಯ ಎಲೆಗಳನ್ನೋ (ಟ್ರಿಪ್ಲೆಟ್) ಜೋಡಿಸಿದವರು ಗೆದ್ದರು, ಸೋತವರ ತಲೆಗೆ ಪಾಯಿಂಟು. ಎಲೆ ಬಿಡಿಸಿ ನೋಡಿದರೆ ಆಟೀನ್ ಐದು ಇದೆ, ಆಟೀನ್ ಏಳು ಇದೆ. ಮಿಕ್ಕವೆಲ್ಲ ಸಂತೆಗೆ ಬಂದ ಜನರ ಹಾಗೆ, ಒಂದಕ್ಕೊಂದು ಸಂಬಂಧವಿಲ್ಲ. ಯಾವ ಎಲೆಯ ಬದಲಿಗೂ ಸಲ್ಲುವ ಜೋಕರ್ ಇಲ್ಲವೇ ಇಲ್ಲ. ಕೈ ಮುಚ್ಚಿಟ್ಟು ‘ಡ್ರಾಪ್’ ಅಂದರೆ 20 ಪಾಯಿಂಟಿಗೆ ಪಾರು. ಇದಕ್ಕೇ ಕೆಲವರು ಸ್ಕೂಟ್ ಅನ್ನುವುದು. ಆದರೆ ಬಾಯಿಂದ ಹೊರಡುವ ಮಾತೇ ಬೇರೆ: “ಯಾಕೋ ಮನಸ್ಸು ಹೇಳ್ತಿದೆ ಭಾವ, ಆರು ಬಂದೇ ಬರುತ್ತೆ.”

ಮನಸ್ಸು ಹೇಳಿದ್ದನ್ನು ಒಮ್ಮೆ ಬೆರಳು ಮಡಚಿ ಎಣಿಸೋಣ. ಎರಡು ಕಟ್ಟು, ಕಟ್ಟಿಗೊಂದು ಅಚ್ಚಿನ ಜೋಕರ್, ಒಟ್ಟು 106 ಎಲೆ. ನಿಮ್ಮ ಕೈಲಿ 13, ತಿರುಗಿಸಿಟ್ಟ ಜೋಕರ್ ಒಂದು, ಎಸೆದ ಎಲೆ ಬೀಳುವ ಕಡೆ ಬಿಚ್ಚಿಟ್ಟ ಓಪನ್ ಎಲೆ ಒಂದು. ಕಣ್ಣಿಗೆ ಕಾಣದವು 91. ಅದರಲ್ಲಿ ಆಟೀನ್ ಆರು ಎರಡೇ ಎರಡು. ಮುಚ್ಚಿದ ಕಟ್ಟಿನಿಂದ ಒಂದು ಸಲ ಎತ್ತಿದರೆ ಅದು ಬರುವ ಸಾಧ್ಯತೆ ಶೇ 2.2. ಹತ್ತು ಸಲ ಎತ್ತುವಷ್ಟು ಹೊತ್ತು ಆಟ ನಡೆದರೂ ಶೇ 21 ದಾಟುವುದಿಲ್ಲ, ಐದು ಕೈಗೆ ಒಂದು ಸಲ. ಹತ್ತು ಸುತ್ತಿನವರೆಗೆ ಉಳಿದ ಮೂವರು ನಿಮಗಾಗಿ ಕಾದು ಕೂರುತ್ತಾರೆಯೇ ಎಂಬುದು ಬೇರೆ ವಿಷಯ.

ಇನ್ನೂ ಕ್ರೂರವಾದ ಲೆಕ್ಕವೊಂದಿದೆ. ಆ 91ರಲ್ಲಿ 39 ಎಲೆ ಎದುರಿನವರ ಕೈಗಳಲ್ಲಿವೆ, ಕಟ್ಟಿನಲ್ಲಿರುವುದು 52. ನೂರು ಸಲದಲ್ಲಿ 18 ಸಲ ಎರಡೂ ಆರುಗಳು ಆ 39ರಲ್ಲೇ ಕೂತಿರುತ್ತವೆ. ಅಂದರೆ ಪ್ರತಿ ಸುತ್ತಿಗೂ ಬೆರಳಿಗೆ ಎಂಜಲು ಹಚ್ಚಿ, ಇಷ್ಟದೇವರನ್ನು ನೆನೆದು ಎತ್ತುವ ಕಟ್ಟಿನಲ್ಲಿ ಆರೇ ಇಲ್ಲ. ನಿಮ್ಮ ಹಿಂದಿನ ಆಟಗಾರ ಅದನ್ನು ತಾನಾಗಿ ಎಸೆದರೆ ಮಾತ್ರ ನಿಮಗೆ ಸಿಗಬೇಕು. ಅವನ ಕೈಲಿ ಆರು, ಏಳು, ಎಂಟು ಜೋಡಿಯಾಗಿ ಕೂತಿದ್ದರೆ ಅವನು ಪ್ರಾಣ ಕೊಟ್ಟಾನು, ಆರು ಕೊಡಲಾರ.

ಕೈಲಿ ಐದು–ಏಳರ ಬದಲು ಐದು–ಆರು ಇದ್ದಿದ್ದರೆ ಮಾತು ಬೇರೆ. ನಾಲ್ಕು ಬಂದರೂ ಆಯಿತು, ಏಳು ಬಂದರೂ ಆಯಿತು. ಎರಡರ ಬದಲು ನಾಲ್ಕು ಎಲೆ, ಹತ್ತು ಸಲಕ್ಕೆ ಶೇ 38ರ ಹತ್ತಿರ. ನಡುವಿನ ಎಲೆಗೆ ಕಾಯುವುದು, ಇಲ್ಲವೇ ಎಕ್ಕ–ಎರಡು ಹಿಡಿದು ಮೂರಕ್ಕೆ ಕಾಯುವುದು ಒಂದೇ ಬಾಗಿಲ ಮನೆ. ಎರಡು ತುದಿಗೂ ಕಾಯುವುದು ಎರಡು ಬಾಗಿಲ ಮನೆ. ಮನಸ್ಸಿಗೆ ಮಾತ್ರ ಈ ವ್ಯತ್ಯಾಸ ಕಾಣುವುದಿಲ್ಲ, ಎರಡಕ್ಕೂ ಅದು ಒಂದೇ ದನಿಯಲ್ಲಿ “ಬರುತ್ತೆ” ಅನ್ನುತ್ತದೆ.

ಸರಿ, ಬರಲಿಲ್ಲ ಅನ್ನಿ. ಎಷ್ಟು ಹೋಗುತ್ತದೆ? ಜೋಕರ್ ಸೇರದ ಒಂದು ಸೀಕ್ವೆನ್ಸ್, ಅಂದರೆ ‘ಲೈಫ್’, ಇಲ್ಲದಿದ್ದರೆ ಕೈಲಿರುವ ಎಲ್ಲ ಎಲೆಯೂ ಲೆಕ್ಕಕ್ಕೆ ಬರುತ್ತದೆ, ಮೂರು ರಾಣಿಯರ ಚೆಂದದ ಟ್ರಿಪ್ಲೆಟ್ ಇದ್ದರೂ ಅದು 30. ಎಕ್ಕ, ರಾಜ, ರಾಣಿ, ಗುಲಾಮ ತಲಾ 10, ಉಳಿದವು ಮುಖಬೆಲೆ. ಹದಿಮೂರು ಬಗೆಯನ್ನೂ ಕೂಡಿದರೆ 94, ಎಲೆಗೆ ಸರಾಸರಿ ಏಳರ ಮೇಲೆ ಚಿಲ್ಲರೆ. ಆದ್ದರಿಂದ ಲೈಫ್ ಆಗದ, ಜೋಕರ್ ಇಲ್ಲದ ಸಾಧಾರಣ ಕೈ ಹುಟ್ಟುತ್ತಲೇ 94ರ ಆಸುಪಾಸು. ಎಷ್ಟೇ ಆದರೂ 80ಕ್ಕೆ ಫುಲ್ ಕೌಂಟ್, ಅದರ ಮೇಲಿಲ್ಲ ಎಂದು ನಿಯಮ ಮಾಡಿದ ಪುಣ್ಯಾತ್ಮ ನಮ್ಮ ಮಾನ ಉಳಿಸಿದ್ದಾನೆ.

101 ಮುಟ್ಟಿದವರು ಹೊರಬೀಳುವ ಪೂಲ್ ಆಟದಲ್ಲಿ ಗೆದ್ದವರಿಗೆ ಸೊನ್ನೆ, ಮೊದಲೇ ಬಿಟ್ಟವರಿಗೆ 20, ನಡುವೆ ಬಿಟ್ಟವರಿಗೆ 40. ಆಡಿ ಸೋತಾಗ ಸರಾಸರಿ 60 ಬೀಳುತ್ತದೆ ಅಂದುಕೊಳ್ಳಿ. ಆಗ ಡ್ರಾಪಿಗೆ ಸಮ ಆಗಬೇಕಾದರೂ ಅಂಥ ಕೈಯನ್ನು ಮೂರರಲ್ಲಿ ಎರಡು ಸಲ ಗೆಲ್ಲಬೇಕು. ನಾಲ್ಕು ಜನ ಕೂತ ಕಡೆ ಸಾಮಾನ್ಯ ಕೈಗೆ ಸಿಗುವುದೇ ನಾಲ್ಕರಲ್ಲಿ ಒಂದು ಗೆಲುವು! ಕಸದ ಕೈಗೆ ಅಷ್ಟೂ ಇಲ್ಲ. ಸೋತರೂ 30ರೊಳಗೆ ಮುಗಿಯುವಂಥ ಕೈ, ಅಂದರೆ ಲೈಫ್ ಆಗಲೇ ಆಗಿ, ಜೋಕರ್ ಒಂದೆರಡು ಇರುವ ಕೈ, ಆಗ ಮೂರರಲ್ಲಿ ಒಂದು ಗೆದ್ದರೂ ಕೂತದ್ದು ಸಾರ್ಥಕ. ಬೆನ್ನ ಹಿಂದಿನವರು “ಏನ್ರೀ, ಹೆದರಿ ಓಡ್ತೀರ?” ಅನ್ನುವುದು ಈ ಲೆಕ್ಕದಲ್ಲಿ ಸೇರಿಲ್ಲ. ಐದು ಸಲ ಓಡಿದರೂ 100 ಆಗಿ ಆಟದಲ್ಲೇ ಇರುತ್ತೀರಿ. ಎರಡು ಸಲ ಧೈರ್ಯ ತೋರಿಸಿ ಫುಲ್ ತಿಂದವರು ಆಗಲೇ ಗೋಡೆಗೊರಗಿ ಗೊರಕೆ ಹೊಡೆಯುತ್ತಿರುತ್ತಾರೆ. ನಡುವೆ ಬಿಡುವವರಂತೂ ಎರಡು ಸುತ್ತು ಆಸೆಗೆ ಕೂತು, ಮೊದಲೇ ಬಿಡಬೇಕಿದ್ದ ಕೈಗೆ ಇಮ್ಮಡಿ ಕಟ್ಟಿದವರು.

ಜೋಕರಿನದು ಇನ್ನೊಂದು ಸಂಕಟ. ತಿರುಗಿಸಿಟ್ಟ ಎಲೆ ಎಂಟು ಅಂದರೆ ಉಳಿದ ಎಂಟುಗಳು ಏಳು, ಅಚ್ಚಿನವು ಎರಡು, ಒಟ್ಟು ಒಂಬತ್ತು ಜೋಕರ್. ಅಚ್ಚಿನದೇ ತಿರುಗಿದರೆ ಎಕ್ಕಗಳು ಜೋಕರ್, ಆಗಲೂ ಲೆಕ್ಕ ಒಂಬತ್ತೇ. ಹದಿಮೂರು ಎಲೆಯಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ 71. ಒಂದೂ ಬಾರದಿರುವುದು ಶೇ 29. ಸತತ ಮೂರು ಕೈ ಖಾಲಿ ಬರುವುದು ಸುಮಾರು 40ಕ್ಕೆ ಒಂದು, ರಾತ್ರಿಯಿಡೀ ಆಡುವವರಿಗೆ ಒಂದು ಸಲವಾದರೂ ಆಗುವಂಥದ್ದೇ. ಆದರೆ ಅದು ಆದ ತಕ್ಷಣ ಜಾಗ ಬದಲು, ದಿಕ್ಕು ಬದಲು, ಮಡಚಿದ ಕಾಲು ಬದಲು. ಕಾಫಿ ತಂದ ಹುಡುಗನ ಕಾಲ್ಗುಣದ ಮೇಲೂ ಒಂದು ಅನುಮಾನ. “ಮೂರು ಸಲ ಬಂದಿಲ್ಲ, ಈಗ ಬರಲೇಬೇಕು” ಎಂದು ನಾಲ್ಕನೆಯದನ್ನು ಎತ್ತುತ್ತಾರೆ. ನಾಲ್ಕನೆಯದಕ್ಕೂ ಅದೇ 71. ಹಿಂದಿನ ಮೂರು ಕೈ ಇಸ್ಪೀಟಿಗೆ ನೆನಪಿಲ್ಲ, ನೆನಪಿರುವುದು ನಮಗೆ.

ಬೆಳಗಿನ ಜಾವ ಎರಡರ ಟ್ಯೂಬ್‌ಲೈಟಿನಲ್ಲಿ ಆಟೀನ್ ಒಂಬತ್ತು ಎರಡು, ಕಳಾವರ್ ಒಂಬತ್ತು ಒಂದು ಇಟ್ಟು ಟ್ರಿಪ್ಲೆಟ್ ಎಂದು ಶೋ ಹೊಡೆಯುವುದೂ, ಅಂದರೆ ಗೆದ್ದೆ ಎಂದು ಎಲೆ ತೋರಿಸುವುದೂ ಉಂಟು. ಒಂದೇ ಜಾತಿ ಎರಡು ಸಲ ಬರುವಂತಿಲ್ಲ. ತಪ್ಪು ಶೋ, 80. ಇದಕ್ಕೆ ಸಂಭಾವ್ಯತೆ ಬೇಡ, ಮುಖ ತೊಳೆದುಕೊಂಡು ಬಂದರೆ ಸಾಕು.

ಹಾಗಂತ ಒಳಮನಸ್ಸೆಲ್ಲ ಸುಳ್ಳೇ ಅಂದರೆ ಹಳೆಯ ಆಟಗಾರರು ನಕ್ಕಾರು. “ಈ ಎಂಟು ಹಾಕಬಾರದು ಅನ್ನಿಸ್ತಿದೆ” ಎಂದು ಅವರು ಕೈ ಹಿಂದೆಳೆದರೆ ಅದಕ್ಕೊಂದು ಕಾರಣವಿರುತ್ತದೆ. ಎರಡು ಸುತ್ತಿನ ಹಿಂದೆ ಮುಂದಿನವನು ಓಪನ್‌ನಿಂದ ಕಳಾವರ್ ಏಳು ಎತ್ತಿಕೊಂಡದ್ದನ್ನು ಕಣ್ಣು ಕಂಡಿದೆ, ಬಾಯಿ ಮರೆತಿದೆ. ಅವನಿಗೆ ಕಳಾವರ್ ಆರು, ಎಂಟು ಕೊಡುವುದು ಅಪಾಯ, ಉಳಿದ ಜಾತಿಯ ಏಳುಗಳನ್ನು ಕೊಡುವುದೂ ಅಪಾಯ. ಒಂದು ಆಟೀನ್ ಆರು ಬಿದ್ದುಹೋಗಿದ್ದರೆ ನಿಮ್ಮ ಸಾಧ್ಯತೆ ಅರ್ಧಕ್ಕರ್ಧ ಕಡಿಮೆ, ಎರಡೂ ಬಿದ್ದಿದ್ದರೆ ಸೊನ್ನೆ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯನ್ನು ಮೂರೆಲೆಯಂತೆ ಬರೀ ಅದೃಷ್ಟದ ಆಟವಲ್ಲ ಎಂದದ್ದು ಇದೇ ಕಾರಣಕ್ಕೆ: ಬಿದ್ದ ಎಲೆಯನ್ನು ನೆನಪಿಡಬೇಕು ಎಂದು. ನ್ಯಾಯಮೂರ್ತಿಗಳು ನಮ್ಮ ನೆನಪಿನ ಮೇಲೆ ಇಟ್ಟ ವಿಶ್ವಾಸ ದೊಡ್ಡದು. ಇಲ್ಲಿ ಜೋಕರ್ ಯಾವುದು ಎಂದೇ ಸುತ್ತಿಗೊಮ್ಮೆ ಕೇಳುವವರಿದ್ದಾರೆ.

ಕಲೆಸುವುದರಲ್ಲೂ ಒಂದು ಗುಟ್ಟಿದೆ. 52 ಎಲೆಯ ಒಂದು ಕಟ್ಟನ್ನು ಎರಡು ಭಾಗ ಮಾಡಿ ಬೆರಳಲ್ಲಿ ಸರ್ರನೆ ಬೆರೆಸುವ ಕ್ರಮದಲ್ಲಿ ಏಳು ಸಲವಾದರೂ ಬೆರೆಸಬೇಕು ಎಂದು 1992ರಲ್ಲಿ ಬೇಯರ್ ಮತ್ತು ಡಯಾಕೊನಿಸ್ ಎಂಬ ಗಣಿತಜ್ಞರು ತೋರಿಸಿದರು. ಎರಡು ಕಟ್ಟಿಗೆ ಇನ್ನೂ ಹೆಚ್ಚು. ಛತ್ರದಲ್ಲಿ ನಡೆಯುವುದು ಚಕ್ಕುಲಿ ಎಣ್ಣೆಯ ಕೈಯಲ್ಲಿ ಮೂರು ಸಲ ಮೇಲೆ ಕೆಳಗೆ ಮಾಡುವ ಶಾಸ್ತ್ರ. ಹಿಂದಿನ ಶೋನಲ್ಲಿ ಜೋಡಿಸಿಟ್ಟ ಐದು–ಆರು–ಏಳು ಅಂಟಿಕೊಂಡೇ ಮುಂದಿನ ಆಟಕ್ಕೂ ಬರುತ್ತವೆ. ಅಂಥ ಕಟ್ಟಿನ ಮುಂದೆ ನಮ್ಮ ಶೇ 2.2 ಅಷ್ಟೇನೂ ಗಟ್ಟಿಯಲ್ಲ, “ಐದರ ಹಿಂದೆ ಆರು ಇರಬೇಕಲ್ಲ” ಎಂದು ಅನ್ನಿಸುವುದು ತೀರ ಹುಚ್ಚೂ ಅಲ್ಲ.

ಇಷ್ಟೆಲ್ಲ ಎಣಿಸಿ ನೀವು ಡ್ರಾಪ್ ಅನ್ನುತ್ತೀರಿ, ಸ್ಲೇಟಿನಲ್ಲಿ 20 ಬರೆಯುತ್ತಾರೆ. ಆಟ ಮುಗಿದ ಮೇಲೆ ಹಿಂದೆ ಕೂತವರೊಬ್ಬರು ಸುಮ್ಮನಿರಲಾರದೆ ಕಟ್ಟಿನ ಮೇಲಿನ ಎಲೆ ಮಗುಚುತ್ತಾರೆ. 44 ಸಲ ಅದು ಇನ್ನೇನೋ ಆಗಿರುತ್ತದೆ, ಯಾರೂ ಉಸಿರೆತ್ತುವುದಿಲ್ಲ. 45ನೆಯ ಸಲ ಆಟೀನ್ ಆರು. “ನಾನ್ ಹೇಳ್ಲಿಲ್ವಾ ಭಾವ!” ಎಂಬ ಕೂಗಿಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಮದುಮಗ ಎದ್ದು ಬಂದು, ಏನಾಯಿತು ಎಂದು ಕೇಳಿ, ಐದನೆಯವನಾಗಿ ಕೂರುತ್ತಾನೆ.